ಚಿರತೆ ಸೀರೆಗೆ ಯಾವ ರವಿಕೆ?

ಬಸ್ಸು ಹತ್ತಿದ ಮೇಲೆ ಕಿಟಕಿಯಾಚೆ ನೋಡುವವರು ಇದ್ದಾರೆ, ಮೊಬೈಲು ನೋಡುವವರು ಇದ್ದಾರೆ. ನಾನು ಮುಂದಿನ ಸೀಟಿನವರ ಬೆನ್ನು ನೋಡುವವಳು. ರವಿಕೆಯ ಹೊಲಿಗೆ ನೇರ ಬಂದಿದೆಯೋ, ಒಳಗಿನ ಲೈನಿಂಗು ಕೆಳಗೆ ಇಣುಕುತ್ತಿದೆಯೋ, ಸೀರೆಗೂ ರವಿಕೆಗೂ ನೆಂಟಸ್ತಿಕೆ ಇದೆಯೋ ಇಲ್ಲ ಬರೀ ಮುಖಪರಿಚಯವೋ, ಇಷ್ಟನ್ನೂ ಚಳ್ಳಕೆರೆಯ ಎಣ್ಣೆ ಮಿಲ್ಲುಗಳು ಹಿಂದೆ ಸರಿಯುವುದರೊಳಗೆ ತೀರ್ಮಾನಿಸಿಬಿಡುತ್ತೇನೆ. ಇದೊಂದು ಚಟ. ಇಪ್ಪತ್ತಾರು ವರ್ಷದಿಂದ ಸೀರೆ, ರವಿಕೆ ಬಟ್ಟೆಗಳ ಮ್ಯಾಚಿಂಗ್ ಸೆಂಟರ್ ಇಟ್ಟುಕೊಂಡು ಕೂತವಳಿಗೆ ಬೇರೆ ಚಟ ಕಲಿಯಲು ಪುರುಸೊತ್ತಾದರೂ ಎಲ್ಲಿತ್ತು?

ಮೊನ್ನೆ ಮೊಳಕಾಲ್ಮೂರು ಬಸ್ಸಿನಲ್ಲಿ ನನ್ನ ಮುಂದೆ ಒಬ್ಬ ಕಾಲೇಜು ಹುಡುಗಿ ಕೂತಿದ್ದಳು. ಚಿರತೆ ಚುಕ್ಕಿಯ ಟಾಪು, ಅದರ ಮೇಲೆ ಚಿರತೆ ಚುಕ್ಕಿಯ ದುಪಟ್ಟಾ, ತೊಡೆಯ ಮೇಲೆ ಚಿರತೆ ಚುಕ್ಕಿಯ ಬ್ಯಾಗು, ಸಾಲದ್ದಕ್ಕೆ ಕೂದಲಿಗೆ ಅದೇ ಚುಕ್ಕಿಯ ಕ್ಲಿಪ್ಪು. ಇಡೀ ಚಿರತೆಯೇ ಟಿಕೆಟ್ಟು ತೆಗೆದುಕೊಂಡು ಕೂತಂತಿತ್ತು. ಪರರ ಬಟ್ಟೆಯ ವಿಚಾರ ನಮಗ್ಯಾಕೆ ಎಂದು ಎರಡು ಸ್ಟಾಪು ತಡೆದುಕೊಂಡೆ. ಮೂರನೆಯದಕ್ಕೆ ನನ್ನ ಬೆರಳು ತಾನಾಗಿ ಅವಳ ಭುಜ ತಟ್ಟಿತು.

"ನೋಡವ್ವಾ, ತಪ್ಪು ತಿಳ್ಕಬ್ಯಾಡ. ಆ ದುಪಟ್ಟಾ ತೆಗೆದು ಮಡಚಿ ಇಟ್ಕ."

"ಯಾಕಾಂಟಿ?"

"ಚುಕ್ಕಿ ಒಂದ್ಕಡೆ ಇದ್ರೆ ಚಂದ. ಎಲ್ಲಾ ಕಡೆ ಇದ್ರೆ ನೋಡೋರ ಕಣ್ಣಿಗೆ ಕೂರಾಕೆ ಜಾಗ ಇರಲ್ಲ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀವು ಫ್ಯಾಷನ್ ಟೀಚರಾ?"

"ಅಲ್ಲವ್ವ. ಚಿರತೆ ಕೈಲಿ ಒಂದ್ಸಲ ಕಚ್ಚಿಸ್ಕಂಡಾಕಿ."

ಹುಡುಗಿ ನಕ್ಕು ದುಪಟ್ಟಾ ತೆಗೆದು ಬ್ಯಾಗಿಗೆ ಹಾಕಿಕೊಂಡಳು. ಬ್ಯಾಗನ್ನೂ ಸೀಟಿನ ಕೆಳಗೆ ಇಡು ಅನ್ನೋಣ ಎಂದುಕೊಂಡೆ, ಅಷ್ಟರಲ್ಲಿ ಅವಳ ಸ್ಟಾಪು ಬಂತು.

ಇದನ್ನು ಓದುವ ನಿಮಗೂ ಹೇಳಿಬಿಡುತ್ತೇನೆ, ಬಿಟ್ಟಿ ಸಲಹೆ. ಚಿರತೆ ಚುಕ್ಕಿ ಅಂದರೆ ಮನೆಗೆ ಬಂದ ಜೋರು ಬಾಯಿಯ ನೆಂಟನಿದ್ದ ಹಾಗೆ. ಅವನು ಮಾತಾಡುವಾಗ ಮಿಕ್ಕವರು ಸುಮ್ಮನಿರಬೇಕು. ಸೀರೆ ಚುಕ್ಕಿಯದಾದರೆ ರವಿಕೆ ಕರಿಯದು, ಅದರಲ್ಲಿ ಹೂವಿಲ್ಲ, ಜರಿಯಿಲ್ಲ. ರವಿಕೆ ಚುಕ್ಕಿಯದಾದರೆ ಸೀರೆ ಒಂದೇ ಬಣ್ಣದ್ದು. ಆದರೆ ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಈ ರವಿಕೆ ಹಾಕಬೇಡಿ. ಆ ಅಂಚಿಗೂ ಬಾಯಿ ಜೋರು, ಇಬ್ಬರೂ ನಿಮ್ಮ ಮೈಮೇಲೆ ಜಗಳಕ್ಕೆ ನಿಲ್ಲುತ್ತಾರೆ. ದಿನಾ ಕೆಲಸಕ್ಕೆ ಹೋಗುವವರಿಗೆ ಬಿಳಿ ಟಾಪಿನ ಮೇಲೆ ಚುಕ್ಕಿಯ ಒಂದು ದುಪಟ್ಟಾ ಸಾಕು. ಅಷ್ಟಕ್ಕೂ ಧೈರ್ಯ ಬರಲಿಲ್ಲವೋ, ಚಪ್ಪಲಿಯಿಂದ ಶುರು ಮಾಡಿ. ದಪ್ಪ ಇರುವವರು ದೊಡ್ಡ ಚುಕ್ಕಿ ಕಂಡು ಹೆದರಬೇಕಾಗಿಲ್ಲ, ನಾನು ನನ್ನನ್ನೇ ಕನ್ನಡಿಯಲ್ಲಿ ನೋಡಿಕೊಂಡು ಹೇಳುತ್ತಿದ್ದೇನೆ. ಸೆರಗನ್ನು ಮಾತ್ರ ಹಾರಾಡಲು ಬಿಡದೆ ಮಡಿಕೆ ಹಿಡಿದು ಪಿನ್ನು ಹಾಕಿ. ಹಾರಾಡುವ ಚಿರತೆಯನ್ನು ಯಾರೂ ನಂಬುವುದಿಲ್ಲ.

ಇಷ್ಟೆಲ್ಲ ತಿಳಿದವಳು ಕಚ್ಚಿಸಿಕೊಂಡದ್ದು ಹೇಗೆ ಎಂದು ನೀವು ಕೇಳುತ್ತೀರಿ. ನನ್ನ ಜಾಣತನದಿಂದಲೇ.

ದಾವಣಗೆರೆಯ ಸಗಟು ಅಂಗಡಿಗೆ ಹೋದಾಗ ನಾನು ಬೇಕಾದ ಮಾಲನ್ನು ಮುಟ್ಟುವುದೇ ಇಲ್ಲ. ಬೇಡದ್ದನ್ನು ಮುಟ್ಟಿ, ಅದರ ದಾರ ಎಳೆದು, ಬೆಳಕಿಗೆ ಹಿಡಿದು, ಮುಖ ಸಿಂಡರಿಸುತ್ತೇನೆ. ಆಮೇಲೆ ಬೇಕಾದ್ದರ ಕಡೆ ಗಲ್ಲ ಎತ್ತಿ ತೋರಿಸಿ, "ಅದೇನು, ಹೋದ ವರ್ಷದ್ದಾ?" ಅನ್ನುತ್ತೇನೆ. ಒಂದು ಬೆಲೆ ಹೇಳಿ ಎದ್ದು ಹೊರಡುತ್ತೇನೆ. ಆ ಅಂಗಡಿಗೆ ಏಳು ಮೆಟ್ಟಿಲು. ಮೂರನೆಯ ಮೆಟ್ಟಿಲಿಗೆ ಕಾಲಿಡುವಾಗ "ಬನ್ರಿ ಬೆಹನ್‌ಜೀ" ಎಂಬ ಕೂಗು ಬಂದರೆ ವ್ಯಾಪಾರ ಸರಿಯಾಯಿತು ಎಂದರ್ಥ. ಅವತ್ತು ಚಿರತೆ ಚುಕ್ಕಿಯ ಸೀರೆಗಳ ಒಂದು ದೊಡ್ಡ ಗಂಟಿಗೆ ನಾನು ಬೆಲೆ ಹೇಳಿ ಎದ್ದೆ ನೋಡಿ, ಮೊದಲನೆ ಮೆಟ್ಟಿಲಿಗೂ ಕಾಲಿಟ್ಟಿರಲಿಲ್ಲ, ಅಂಗಡಿಯ ಸೇಟು ಕೂಗಿದ. ಮೇಲೆ ಬಾದಾಮಿ ಹಾಲು ತರಿಸಿಕೊಟ್ಟ. ನನ್ನ ಮಾತಿನ ಪ್ರಭಾವ ಎಂದು ಹಿಗ್ಗಿದೆ. ಹೊಸದಾಗಿ ವ್ಯಾಪಾರಕ್ಕಿಳಿಯುವವರಿಗೆ ನನ್ನದೊಂದು ಮಾತು: ಬೇಗ ಕೂಗಿದವನ ಹತ್ತಿರ ತಿರುಗಿ ಹೋಗಬೇಡಿ. ಬಾದಾಮಿ ಹಾಲು ತರಿಸಿದರಂತೂ ಓಡಿ.

ಚಳ್ಳಕೆರೆಯ ಹೆಂಗಸರು ಆ ಸೀರೆ ಮುಟ್ಟಲಿಲ್ಲ. "ಇದನ್ನ ಉಟ್ಕಂಡು ಮನೆಗೆ ಹೋದ್ರೆ ನಮ್ಮ ನಾಯಿನೇ ಒಳಕ್ಕೆ ಬಿಡಲ್ಲ ಗೌರಕ್ಕ" ಅಂದಳು ಒಬ್ಬಳು. ಮೊಳಕಾಲ್ಮೂರಿನಿಂದ ಬಂದಿದ್ದ ಅಜ್ಜಿಯೊಬ್ಬರು ಕನ್ನಡಕ ಸರಿಮಾಡಿಕೊಂಡು, "ಏಮಮ್ಮಾ, ಪುಲಿ ಚೀರನಾ?" ಎಂದು ತೆಲುಗಿನಲ್ಲಿ, ಹುಲಿ ಸೀರೆಯೇ ಎಂದು ಕೇಳಿ, ಹುಲಿಗೆ ಕೈಮುಗಿದಂತೆ ದೂರದಿಂದಲೇ ಕೈಮುಗಿದು ಹೋದರು. ಕೊನೆಗೆ ನಾನೇ ಒಂದನ್ನು ಉಟ್ಟು, ಕರಿ ರವಿಕೆ ತೊಟ್ಟು, ಕಿವಿಗೆ ಸಣ್ಣ ಓಲೆ ಮಾತ್ರ ಹಾಕಿ ಅಂಗಡಿಯಲ್ಲಿ ಕೂತೆ. ಒಂದು ವಾರ ಕೂತ ಮೇಲೆ ಆಸ್ಪತ್ರೆಯ ಇಬ್ಬರು ನರ್ಸುಗಳು, ಒಬ್ಬ ಕಂಪ್ಯೂಟರ್ ಟೀಚರು ಕೊಂಡರು. ಮಿಕ್ಕದ್ದು ಕಪಾಟಿನ ಮೇಲೆ ಮಲಗಿತು.

ಬಟ್ಟೆಯ ಮೇಲೆ ನನಗೆ ಈ ಹಟ ಹುಟ್ಟಿದ್ದು ಚಿಕ್ಕಂದಿನಲ್ಲಿ. ಬಿ.ಜಿ. ಕೆರೆಯ ನಮ್ಮ ಮನೆಯಲ್ಲಿ ಅಪ್ಪ ವರ್ಷಕ್ಕೊಮ್ಮೆ ಬಟ್ಟೆಯ ಒಂದೇ ತಾನು ತರುತ್ತಿದ್ದ. ಅದರಲ್ಲೇ ಅಕ್ಕ ಮಾರಕ್ಕನಿಗೆ ಲಂಗ, ತಮ್ಮನಿಗೆ ಅಂಗಿ, ಉಳಿದದ್ದರಲ್ಲಿ ದಿಂಬಿನ ಚೀಲ. ಒಂದು ವರ್ಷ ಕೆಂಪು ಗೆರೆಯದು ತಂದಿದ್ದ. ನಾವೆಲ್ಲ ಸಾಲಾಗಿ ಮಲಗಿದರೆ ಯಾವುದು ದಿಂಬು, ಯಾವುದು ತಮ್ಮ ಎಂದು ಅವ್ವ ತಡಕಬೇಕಾಗುತ್ತಿತ್ತು. ನನಗೆ ಹೊಸದಿಲ್ಲ. ಅಕ್ಕನಿಗೆ ಬಿಗಿಯಾದದ್ದು ನನಗೆ. ಮೊಣಕಾಲ ಹತ್ತಿರ ಅವಳು ಬಿದ್ದ ಕಲೆ, ಜೇಬಿನಲ್ಲಿ ಅವಳು ಇಟ್ಟು ಮರೆತ ಹುಣಸೆ ಬೀಜ, ಎಲ್ಲ ಸೇರಿ ನನ್ನ ಪಾಲಿಗೆ ಬರುತ್ತಿತ್ತು. ದೊಡ್ಡವಳಾದ ಮೇಲೆ ಬಟ್ಟೆಯ ಅಂಗಡಿಯನ್ನೇ ಇಡುತ್ತೇನೆ ಎಂದು ಹುಣಸೆ ಬೀಜದ ಮೇಲೆ ಆಣೆ ಮಾಡಿದ್ದೆ. ಇಟ್ಟೆ ಕೂಡ. ಮೊದಲು ತಲೆಯ ಮೇಲೆ ಸೀರೆ ಗಂಟು ಹೊತ್ತು ಕೊಂಡ್ಲಹಳ್ಳಿ, ಬಿ.ಜಿ. ಕೆರೆ ಓಣಿಗಳಲ್ಲಿ ಕೂಗಿದೆ, ಆಮೇಲೆ ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಬಾಗಿಲಿನ ಮಳಿಗೆ ಹಿಡಿದೆ.

ಅಂಗಡಿ ಇಟ್ಟ ಮೇಲೆ ಲೆಕ್ಕ ತಿರುಗಿತು. ಈಗ ನನಗೆ ಬೇಡದ್ದು ಅಕ್ಕನಿಗೆ. ಬಣ್ಣ ಹೋದದ್ದು, ಮಡಿಕೆಯಲ್ಲಿ ಗೆರೆ ಬಿದ್ದದ್ದು, ಯಾರೂ ಒಲ್ಲದ ಬೂದಿ, ಯಾರೂ ಒಲ್ಲದ ಸಿಮೆಂಟು. ಅಕ್ಕ ಬಂದಾಗೆಲ್ಲ ಒಂದನ್ನು ಎತ್ತಿ ಅವಳ ಚೀಲಕ್ಕೆ ತುರುಕಿ, "ಒಯ್ಯಕ್ಕಾ, ನಿನಗೆ ಇದು ಒಪ್ತೈತೆ" ಅನ್ನುತ್ತಿದ್ದೆ. ಉಪಕಾರ ಮಾಡುತ್ತಿದ್ದೇನೆ ಎಂದೇ ನನ್ನ ನಂಬಿಕೆ. ಅವಳೂ ಒಂದು ದಿನ ಬೇಡ ಅಂದವಳಲ್ಲ. ಮದುವೆ ಸೀರೆ ಅತ್ತೆ ಮನೆಯವರು ಆರಿಸಿದ್ದು, ಹಬ್ಬದ್ದು ಅವ್ವ ಆರಿಸಿದ್ದು, ದಿನದ್ದು ನಾನು ತುರುಕಿದ್ದು. ಬಿ.ಜಿ. ಕೆರೆಯಲ್ಲೇ ಸಂಸಾರ ಹೂಡಿ ಅಲ್ಲಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಅವಳು ಆ ಬೂದಿ ಸೀರೆಗಳಲ್ಲಿ ಒಲೆಯ ಹೊಗೆಯ ಜೊತೆ ಕರಗಿಹೋಗಿರುತ್ತಿದ್ದಳು. ಹುಡುಕಿದರೂ ಕಾಣಿಸುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಭಾವನ ಮಾತ್ರೆಗೆ ಎಂದು ಚಳ್ಳಕೆರೆಗೆ ಬಂದವಳು ಅಂಗಡಿಯಲ್ಲಿ ಕೂತಳು. ನಾನು ಅಭ್ಯಾಸದಂತೆ ಒಂದು ಮಾಸಲು ಹಳದಿಯನ್ನು ಚೀಲಕ್ಕೆ ಹಾಕಲು ಹೋದೆ. ಅಕ್ಕ ಚೀಲದ ಬಾಯಿ ಮುಚ್ಚಿ ಹಿಡಿದಳು.

"ಇದು ಬ್ಯಾಡ ಗೌರಿ. ಆ ಚುಕ್ಕಿದು ಕೊಡು."

"ಯಾವ ಚುಕ್ಕಿದು?"

"ಮ್ಯಾಲೈತಲ್ಲ, ಚಿರತೇದು."

"ಅದನ್ನ ಎಲ್ಲಿಗೆ ಉಡ್ತೀಯ ನೀನು?"

"ಇಸ್ಕೂಲಿಗೆ" ಅಂದಳು. ಇನ್ನೆಲ್ಲಿಗೆ ಹೋಗುತ್ತೇನೆ ಎಂಬಂತೆ.

ಐವತ್ತೆಂಟು ವರ್ಷಕ್ಕೆ ನಮ್ಮಕ್ಕ ಬಾಯಿಬಿಟ್ಟು ಕೇಳಿದ ಮೊದಲ ಸೀರೆ ಅದು. ನನಗೆ ಆಗ ಅದು ಹೊಳೆಯಲಿಲ್ಲ. ಒಂದು ಸೀರೆ ಕಪಾಟಿನಿಂದ ಇಳಿಯಿತಲ್ಲ ಎಂದು ಖುಷಿಪಟ್ಟು, ಕರಿ ರವಿಕೆ ಬಟ್ಟೆ ಕತ್ತರಿಸಿಕೊಟ್ಟು, ಸೆರಗಿಗೆ ಪಿನ್ನು ಹಾಕುವುದನ್ನು ತೋರಿಸಿ ಕಳಿಸಿದೆ.

ಶಾಲೆ ಶುರುವಾದ ಮೇಲೆ ಅಕ್ಕ ಅದನ್ನು ಉಟ್ಟು ಹೋದಳು. ಮಕ್ಕಳಿಗೆ ಹಬ್ಬವಾಯಿತಂತೆ. "ಚಿರತೆ ಆಂಟಿ ಬಂದ್ಲು" ಎಂದು ತಟ್ಟೆ ಹಿಡಿದು ಸಾಲು ನಿಲ್ಲುತ್ತಿದ್ದವಂತೆ. ಒಂದನೆ ತರಗತಿಯ ಒಂದು ಹೆಣ್ಣುಮಗು ಅವಳ ಸೆರಗು ಹಿಡಿದು ಚುಕ್ಕಿ ಎಣಿಸುತ್ತ ಹದಿನೆಂಟಕ್ಕೆ ತಪ್ಪಿ ಮತ್ತೆ ಒಂದರಿಂದ ಶುರು ಮಾಡುತ್ತಿತ್ತಂತೆ. ಫೋನಿನಲ್ಲಿ ಎರಡು ಮಾತಿಗೆ ಮುಗಿಸುವ ಅಕ್ಕ ಇದನ್ನೆಲ್ಲ ನಿಧಾನಕ್ಕೆ ಹೇಳಿದಳು. ನಾನು ಬೀಗುತ್ತ, "ಕರಿ ರವಿಕೆ ಹಾಕ್ಕಂಡಿದ್ದಕ್ಕೆ ಹಂಗೆ ಕಾಣ್ತೈತೆ" ಅಂದೆ.

ಇನ್ನು ಮುಂದಿನದು ನನ್ನ ಅತಿ ಜಾಣತನದ ಪಾಲು.

ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ನಮ್ಮ ಕಡೆ ಹೊಲಗಳಿಗೆ ಕಾಡುಹಂದಿ ನುಗ್ಗುತ್ತವೆ. ಅದಕ್ಕೆ ರೈತರು ಹೊಲದ ಸುತ್ತ ಗೂಟ ನೆಟ್ಟು ಹಳೆ ಸೀರೆ ಕಟ್ಟುತ್ತಾರೆ. ಗಾಳಿಗೆ ಸೀರೆ ಪಟಪಟ ಅನ್ನುತ್ತದೆ, ಉಟ್ಟು ಬಿಟ್ಟ ಸೀರೆಯಲ್ಲಿನ ಮನುಷ್ಯರ ವಾಸನೆಗೆ ಹಂದಿ ಹಿಂದೆ ಸರಿಯುತ್ತದೆ ಎಂದು ನಂಬಿಕೆ. ಆ ದಿನಗಳಲ್ಲಿ ಹೊಲಗಳು ಊರಿನ ಹೆಂಗಸರ ಹಳೆಯ ಹಬ್ಬಗಳನ್ನೆಲ್ಲ ಒಟ್ಟಿಗೆ ಉಟ್ಟು ನಿಂತಂತೆ ಕಾಣುತ್ತವೆ. ಬಿ.ಜಿ. ಕೆರೆಯ ಓಬಣ್ಣ, ನಮ್ಮ ದೂರದ ನೆಂಟ, ಹಳೆ ಸೀರೆ ಎಲ್ಲೂ ಸಿಗದೆ ನನ್ನ ಅಂಗಡಿಗೆ ಬಂದ.

"ಗೌರಕ್ಕ, ಹಳೆ ಸೀರೆ ಏನಾರ ಇದಾವಾ? ಬೇಲಿಗೆ."

ನನ್ನ ಕಣ್ಣು ಕಪಾಟಿನ ಮೇಲೆ ಹೋಯಿತು. "ಹಳೇದು ಯಾಕಪ್ಪ, ಹೊಸದೇ ಒಯ್ಯಿ. ಹಳೇದರ ರೇಟಿಗೆ ಕೊಡ್ತೀನಿ."

"ಹೊಸದರಾಗೆ ವಾಸನೆ ಇರಲ್ವಲ್ಲಕ್ಕ. ಹಂದಿ ಹೆದರ್ಬೇಕಲ್ಲ."

"ವಾಸನೆ ಯಾಕೋ ಬೇಕು? ಚಿರತೆನೇ ಐತಲ್ಲ. ಹಂದಿ ಮನುಷ್ಯರಿಗೆ ಹೆಚ್ಚು ಹೆದರ್ತೈತಾ, ಚಿರತೆಗಾ? ನೀನೇ ಹೇಳು."

ಓಬಣ್ಣ ತಲೆ ಕೆರೆದುಕೊಂಡ. ಅರ್ಧ ಗಂಟೆಯಲ್ಲಿ ಇಡೀ ಗಂಟು ಆಟೋದ ಮೇಲೆ ಏರಿತ್ತು. ಅವತ್ತು ಸಂಜೆ ನಾನು ನನಗೇ ಬಾದಾಮಿ ಹಾಲು ತರಿಸಿಕೊಂಡೆ.

ಹದಿನೈದು ದಿನ ಬಿಟ್ಟು ಅಕ್ಕನ ಮನೆಗೆ ಹೊರಟೆ. ಬಿ.ಜಿ. ಕೆರೆಗೆ ಇನ್ನೂ ಸ್ವಲ್ಪ ದೂರವಿರುವಾಗಲೇ ಓಬಣ್ಣನ ಹೊಲ ಕಂಡಿತು. ಸುತ್ತ ನಾಲ್ಕೂ ಕಡೆ ಚಿರತೆಗಳು ಗಾಳಿಗೆ ಮೈ ಮುರಿಯುತ್ತಿದ್ದವು. ಕಂಡಕ್ಟರಿಗೆ ಕೇಳುವಂತೆ "ಅದು ನಮ್ಮಂಗಡಿ ಮಾಲು" ಅಂದೆ. ಬಸ್ಸಿನಿಂದ ಇಳಿದು ಶಾಲೆಯ ಹತ್ತಿರ ಬಂದೆ. ಅಡುಗೆ ಕೋಣೆಯ ಹೊಗೆಯಲ್ಲಿ ಅಕ್ಕನನ್ನು ಹುಡುಕಬೇಕಾಯಿತು. ಬೂದಿ ಸೀರೆ ಉಟ್ಟಿದ್ದಳು.

"ಚುಕ್ಕಿದು ಎಲ್ಲಕ್ಕ?"

"ಒಗೆಯಾಕೆ ಹಾಕೀನಿ" ಅಂದು ಸಾರು ತಿರುವಿದಳು.

ನಿಜ ಹೇಳಿದವನು ಮನೆಯಲ್ಲಿದ್ದ ಭಾವ. ಮಾತು ಕಡಿಮೆಯ ಮನುಷ್ಯ, ಅವತ್ತು ಎಲೆ ಅಡಿಕೆ ಬಾಯಿಂದ ತೆಗೆದು ಹೇಳಿದ. "ಶಾಲೆ ದಾರಿ ಓಬಣ್ಣನ ಹೊಲದ ಬದುವಿನ ಮ್ಯಾಲೆ ಅಲ್ವೇನಮ್ಮಾ. ಹುಡುಗ್ರು ಬೇಲಿ ನೋಡಿದ್ವು. ಬೇಲಿ ಆಂಟಿ ಅಂತ ಶುರು ಮಾಡಿದ್ವು. ಹೆಂಗಸ್ರು ನಲ್ಲಿ ತಾವ ನಕ್ಕರು. ಮಡಚಿ ಟ್ರಂಕಿಗಿಟ್ಟವಳೆ, ಹತ್ತು ದಿನ ಆತು."

ಟ್ರಂಕಿನೊಳಗೆ ಹೋದದ್ದು ಸೀರೆಯೊಂದೇ ಅಲ್ಲ ಎಂದು ಆಗ ಗೊತ್ತಾಯಿತು. ಇವಳು ಇನ್ನು ಈ ಜನ್ಮದಲ್ಲಿ ಇದು ಬೇಕು ಎಂದು ಯಾರನ್ನೂ ಕೇಳುವುದಿಲ್ಲ ಅನ್ನಿಸಿತು. ಅಂಥ ಹೊತ್ತಿನಲ್ಲಿ ಬೇರೆಯವರು ಅಳುತ್ತಾರೆ. ನಾನು ಚೌಕಾಶಿಗೆ ಹೊರಡುತ್ತೇನೆ.

ಓಬಣ್ಣ ಹೊಲದಲ್ಲೇ ಇದ್ದ. "ಆ ಸೀರೆ ಬಿಚ್ಚಿ ಕೊಡಪ್ಪ. ಬದಲಿಗೆ ಎರಡರಷ್ಟು ಹಳೆ ಸೀರೆ ನಾನೇ ಹೊತ್ಕಂಡು ಬಂದು ಕಟ್ಟಿಸ್ತೀನಿ."

"ಆಗಲ್ಲಕ್ಕ."

"ಮೂರರಷ್ಟು. ಚೆನ್ನಾಗಿ ವಾಸನೆ ಇರೋವು."

"ವಾಸನೆ ಮಾತು ಬಿಡು. ಕಟ್ಟಿದಾಗಿಂದ ಒಂದು ಹಂದಿ ಇತ್ಲಾಗೆ ತಲೆ ಹಾಕಿಲ್ಲ. ನೀನೇ ಹೇಳ್ದಲ್ಲ, ಚಿರತೆಗೆ ಹೆದರ್ತಾವೆ ಅಂತ. ದಿಟವಾತು ಕಣಕ್ಕ."

"ಏ, ಅದು ಸುಮ್ನೆ ವ್ಯಾಪಾರಕ್ಕೆ ಅಂದಿದ್ದು ಕಣೋ."

"ಈಗ ಅಂತಿರೋದು ವ್ಯಾಪಾರಕ್ಕಲ್ಲ ಅಂತ ನನಗೆಂಗೆ ಗೊತ್ತಾಗ್ಬೇಕು?"

ನಾನು ಎದ್ದು ಹೊರಟೆ. ಒಂದು ಬದು ದಾಟಿದೆ, ಎರಡು ದಾಟಿದೆ, ಮೂರನೆಯದರ ಮೇಲೆ ನಿಂತು ಕಿವಿಗೊಟ್ಟೆ. ಅವನು ಕೂಗಲಿಲ್ಲ. ತಿರುಗಿ ನೋಡಿದರೆ ಬಗ್ಗಿ ಕಳೆ ಕೀಳುತ್ತಿದ್ದ.

ಚಳ್ಳಕೆರೆಗೆ ಬಂದು ಅಂಗಡಿಯಲ್ಲಿದ್ದುದರಲ್ಲೇ ಒಳ್ಳೆಯ ನೀಲಿ ಸೀರೆಯೊಂದನ್ನು ಆರಿಸಿ, ಅದಕ್ಕೆ ಒಪ್ಪುವ ರವಿಕೆಯನ್ನೂ ಹೊಲಿಸಿ ಬಸ್ಸಿನವರ ಕೈಲಿ ಕಳಿಸಿದೆ. ಮೂರನೆ ದಿನ ಅದೇ ಕಾಗದದಲ್ಲಿ, ಅದೇ ದಾರ ಕಟ್ಟಿಕೊಂಡು ಸೀರೆ ವಾಪಸು ಬಂತು. ಫೋನು ಮಾಡಿದೆ.

"ಬಣ್ಣ ಸೇರಲಿಲ್ವಾ ಅಕ್ಕ?"

"ಚಲೋ ಐತೆ. ಯಾರಿಗಾರ ಮಾರ್ಕ. ನನಗೆ ಬ್ಯಾಡ."

ಬೇಕು ಎಂದು ಒಮ್ಮೆ ಕೇಳಿದವಳಿಗೆ ಬೇಡ ಅನ್ನುವುದೂ ಬಂದಿತ್ತು. ಅದಾದ ಮೇಲೆ ನನ್ನ ಹತ್ತಿರ ಕೊಡಲು ಸಲಹೆ ಉಳಿದಿರಲಿಲ್ಲ. ಇಂಥದ್ದು ನನಗೆ ಅಪರೂಪ; ಎರಡು ವಾರ ಮೈಯಲ್ಲಿ ಹುಷಾರಿಲ್ಲದವಳಂತೆ ಇದ್ದೆ.

ಒಂದು ಶನಿವಾರ ಮಧ್ಯಾಹ್ನ ಅರ್ಧ ದಿನದ ಶಾಲೆ ಮುಗಿಸಿಕೊಂಡು ಅಕ್ಕ ಬಂದಳು. ಬಾಗಿಲಿಗೆ ಬಂದದ್ದು ಮೊದಲು ಚುಕ್ಕಿ, ಆಮೇಲೆ ಅಕ್ಕ. ಟ್ರಂಕಿನ ಮಡಿಕೆ ಸೀರೆಯ ಮೇಲೆ ಇನ್ನೂ ಇತ್ತು.

"ಇದನ್ನ ಉಟ್ಕಂಡು ಆ ದಾರಿಲೇ ಬಂದ್ಯಾ?" ಅಂದೆ.

"ಇನ್ನೊಂದು ದಾರಿ ಎಲ್ಲೈತೆ? ನಾನೇ ಕೇಳಿ ತಗಂಡ ಸೀರೆ, ಟ್ರಂಕಿನಾಗೆ ಯಾಕೆ ಕೊಳೀಬೇಕು? ಬೆಳಗ್ಗೆ ಓಬಣ್ಣ ನಿಂತಿದ್ದ. ಏನ್ ಮಾರಕ್ಕಾ, ನಮ್ ಬೇಲಿ ಎದ್ದು ಹೊಂಟೈತಲ್ಲ ಅಂದ."

"ನೀನೇನಂದೆ?"

"ಎದ್ದು ಹೋಗೋದಾದ್ರೆ ಅದು ಬೇಲಿ ಅಲ್ಲ ಕಣಪ್ಪ, ಸರಿಯಾಗಿ ನೋಡು ಅಂದೆ."

"ಹುಡುಗ್ರು?"

"ಒಂದೆರಡು ಬೇಲಿ ಅಂದ್ವು. ಬೇಲಿ ಅನ್ನ ಬಡಿಸ್ತೈತೇನ್ರೋ ಅಂದೆ. ತಟ್ಟೆ ಹಿಡ್ಕಂಡು ಸಾಲು ನಿಂತ್ವು." ಅಕ್ಕ ಸ್ಟೂಲಿನ ಮೇಲೆ ಕೂತು ಕಾಲು ಚಾಚಿದಳು. "ಒಂದು ರವಿಕೆ ಬಟ್ಟೆ ಬೇಕು."

"ಕರಿದು ಕೊಟ್ಟಿದ್ನಲ್ಲ."

"ಅದು ಬ್ಯಾಡ. ದೂರದಿಂದ ನೋಡಿದ್ರೆ ಕರಿ ಕಾಣಲ್ಲ, ಬರೀ ಚುಕ್ಕಿ ಕಾಣ್ತೈತೆ. ಬೇಲಿ ರವಿಕೆ ಹಾಕ್ಕಂತೈತಾ? ಹಾಕ್ಕಂಡಿರೋದು ನಾನು. ಅದು ಕಾಣ್ಬೇಕು."

ನಾನು ಎದ್ದು ಕಂದು ಬಣ್ಣದ ಸಾಲಿಗೆ ಕೈ ಹಾಕಿದೆ. "ನೀನು ಕೂತ್ಕ" ಅಂದಳು ಅಕ್ಕ. ತಾನೇ ಎದ್ದು ರವಿಕೆ ಬಟ್ಟೆಗಳ ಮುಂದೆ ಒಂದು ತುದಿಯಿಂದ ನಡೆದಳು. ನಮ್ಮಂಗಡಿಯಲ್ಲಿ ಬಣ್ಣಗಳು ಬಿಳಿಯಿಂದ ಶುರುವಾಗಿ ಕರಿಗೆ ಮುಗಿಯುತ್ತವೆ. ಒಂದೊಂದನ್ನೂ ಮುಟ್ಟಿ, ಸೆರಗಿಗೆ ಹಿಡಿದು, ಬಿಟ್ಟು ಮುಂದೆ ಹೋದಳು. ಗಿಳಿ ಹಸಿರಿನ ಹತ್ತಿರ ನಿಂತಳು. ಅದನ್ನು ಎಳೆದು ಬಾಗಿಲ ಬೆಳಕಿಗೆ ಹೋಗಿ ಭುಜದ ಮೇಲೆ ಹಾಕಿಕೊಂಡಳು.

ಚಿರತೆ ಚುಕ್ಕಿಗೆ ಗಿಳಿ ಹಸಿರು. ಇಪ್ಪತ್ತಾರು ವರ್ಷದ ನನ್ನ ವಿದ್ಯೆಯೆಲ್ಲ ಗಂಟಲಿಗೆ ಬಂದು ನಿಂತಿತು. ಜೋರು ಬಾಯಿಯವರು ಇಬ್ಬರಾದರೆ ಜಗಳ ಎಂದು ಹೇಳಲು ಬಾಯಿ ತೆರೆದು, ಕೊರಳಲ್ಲಿದ್ದ ಅಳತೆ ಟೇಪನ್ನು ಕಚ್ಚಿಕೊಂಡೆ. ಬೆಳಕಿನಲ್ಲಿ ನಿಂತ ಅಕ್ಕನನ್ನು ನೋಡಿದೆ. ಜಗಳ ಆಗುತ್ತಿತ್ತು, ನಿಜ. ಆದರೆ ಆ ಜಗಳದ ನಡುವೆ ಅಕ್ಕನ ಮುಖ ಕಾಣುತ್ತಿತ್ತು. ರಸ್ತೆಯ ಆಚೆ ಬದಿಯ ಆಟೋದವನಿಗೂ ಕಂಡಿರಬೇಕು, ಅವನೂ ಕತ್ತು ತಿರುಗಿಸಿ ನೋಡಿದ.

"ಒಂದು ಮೀಟರ್ ಹರಿ" ಅಂದಳು.

ಬಟ್ಟೆಯ ತುದಿ ಅವಳ ಭುಜದ ಮೇಲಿದ್ದಂತೆಯೇ ನಾನು ಅಳೆಯುತ್ತಿರುವಾಗ ಯಾರೋ ಹೊಸ ಗಿರಾಕಿ ಒಳಗೆ ಬಂದಳು. ಮೂವತ್ತರ ಆಸುಪಾಸಿನ ಹೆಂಗಸು, ಕೈಯಲ್ಲಿ ಕಾಗದ ಸುತ್ತಿದ ಸೀರೆ. ನನ್ನನ್ನು ನೋಡಿದಳು, ಅಕ್ಕನನ್ನು ನೋಡಿದಳು, ಚುಕ್ಕಿಯ ಮೇಲಿನ ಹಸಿರನ್ನು ನೋಡಿದಳು. ಆಮೇಲೆ ನೇರ ಅಕ್ಕನ ಹತ್ತಿರ ಹೋಗಿ ಸೀರೆ ಬಿಚ್ಚಿದಳು.

"ಇದಕ್ಕೆ ಯಾವ ರವಿಕೆ ಹೊಂದ್ತೈತೆ ನೋಡ್ರಕ್ಕ."

ನೇರಳೆ ಸೀರೆ, ಸಣ್ಣ ಬೆಳ್ಳಿ ಅಂಚು. ಅದಕ್ಕೆ ತಿಳಿ ಬೂದಿ ಎಂದು ನನ್ನ ನಾಲಿಗೆಯ ತುದಿಯಲ್ಲಿತ್ತು. ಅಕ್ಕ ಸೀರೆಯ ಅಂಚನ್ನು ಬೆರಳಲ್ಲಿ ಸವರಿದಳು.

"ನಿನಗೆ ಯಾವ್ದು ಇಷ್ಟ ಐತವ್ವ?"

ಹೆಂಗಸು ನನ್ನ ಕಡೆ ತಿರುಗಿದಳು, ಈ ಪ್ರಶ್ನೆಗೆ ಉತ್ತರ ಅಂಗಡಿಯವರೇ ಕೊಡಬೇಕೇನೋ ಎಂಬಂತೆ. ನಾನು ಹಸಿರು ಬಟ್ಟೆ ಮಡಚುತ್ತಲೇ ಇದ್ದೆ. ಅವಳು ಕಪಾಟುಗಳನ್ನು ಒಂದು ಸುತ್ತು ನೋಡಿ, ಕೊನೆಗೆ ಹೆದರಿಕೊಂಡೇ ಬೆರಳು ಎತ್ತಿ ತೋರಿಸಿದಳು. ಎಲ್ಲಕ್ಕಿಂತ ಮೇಲಿನ ಸಾಲು, ಮಾವಿನ ಹಣ್ಣಿನ ಬಣ್ಣದ್ದು. ಯಾರೂ ಕೇಳದೆ ಧೂಳು ಹಿಡಿದು ಕೂತಿತ್ತು.

ನಾನು ಸ್ಟೂಲು ಎಳೆದು, ಹತ್ತಿ, ಇಳಿಸಿಕೊಟ್ಟೆ.